ಸಹಕಾರ ಸಾರಿಗೆ ನಿಂತಿದ್ದು ಶಕ್ತಿ ಯೋಜನೆಯಿಂದಲ್ಲ, ಲಾಕ್‌ಡೌನ್‌ನಿಂದಲೂ ಅಲ್ಲ

‘ಉಚಿತ ಬಸ್ ಬಂತು, ಕೊಪ್ಪದ ಸಹಕಾರ ಸಾರಿಗೆ ಮುಳುಗಿತು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಕೆಲವರು ಇದನ್ನೇ ಕೊರೊನಾ ಲಾಕ್‌ಡೌನ್ ತಲೆಗೆ ಕಟ್ಟುತ್ತಾರೆ. ಎರಡೂ ತಪ್ಪು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಕಾರ್ಮಿಕರೇ ಸಂಘ ಕಟ್ಟಿ ನಡೆಸುತ್ತಿದ್ದ ಸಹಕಾರ ಸಾರಿಗೆಯ ಬಸ್ಸುಗಳು ನಿಂತಿದ್ದು 2020ರ ಫೆಬ್ರುವರಿಯಲ್ಲಿ. ದೇಶದಲ್ಲಿ ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ 25ಕ್ಕೆ. ಶಕ್ತಿ ಯೋಜನೆ ಬಂದಿದ್ದಂತೂ 2023ರ ಜೂನ್ 11ರಂದು, ಅಂದರೆ ಮೂರು ವರ್ಷದ ಮೇಲೆ.

ಇನ್ನೊಂದು ಮಾತು: ಮೊದಲು ಅಲ್ಲಿ ಬಸ್ ಓಡಿಸುತ್ತಿದ್ದ ಶಂಕರ್ ಕಂಪನಿಯ ಮಾಲೀಕರೇ ಬೋರ್ಡು ಬದಲಿಸಿ ಸಹಕಾರ ಸಾರಿಗೆ ನಡೆಸಿದರು ಎನ್ನುವುದೂ ಸರಿಯಲ್ಲ. ಆ ಖಾಸಗಿ ಕಂಪನಿ ಬಾಗಿಲು ಹಾಕಿದಾಗ, 1991ರಲ್ಲಿ, ಅಲ್ಲಿ ದುಡಿಯುತ್ತಿದ್ದ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸಂಘ ಕಟ್ಟಿಕೊಂಡು ಬಸ್ ಓಡಿಸಿದರು. ಬೆರಳೆಣಿಕೆಯ ಬಸ್ಸುಗಳಿಂದ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆಸಿದರು. ಈ ಹೆಗ್ಗಳಿಕೆ ಕಾರ್ಮಿಕರದು, ಅದನ್ನು ಅವರಿಂದ ಕಿತ್ತುಕೊಳ್ಳಬಾರದು.

ಹಾಗಾದರೆ ಸೋತಿದ್ದೆಲ್ಲಿ? ಡೀಸೆಲ್ ದರ ಏರಿತು, ವಿಮೆ ಏರಿತು. ತೆರಿಗೆ ಸೀಟಿನ ಲೆಕ್ಕದಲ್ಲಿ. ಮಳೆಗಾಲದಲ್ಲಿ ಅರ್ಧ ಸೀಟು ಖಾಲಿ ಹೋದರೂ ಪೂರ್ತಿ ಕಟ್ಟಲೇಬೇಕು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟರು. ಮುಖ್ಯ ರಸ್ತೆಗಳಲ್ಲಿ ಸರ್ಕಾರಿ ಬಸ್ಸುಗಳ ಪೈಪೋಟಿ ಹೆಚ್ಚಿತು, ಮನೆಮನೆಗೆ ಬೈಕು ಬಂತು. ಸಂಬಳ ಕೊಡುವುದೇ ಕಷ್ಟವಾಯಿತು. ಲಾಕ್‌ಡೌನ್ ಮಾಡಿದ್ದು ಇಷ್ಟೇ: ಮತ್ತೆ ಚೇತರಿಸಿಕೊಳ್ಳುವ ದಾರಿಯನ್ನು ಇನ್ನಷ್ಟು ಕಠಿಣ ಮಾಡಿತು.

ಶಕ್ತಿ ಯೋಜನೆಯಿಂದ ಖಾಸಗಿ ಬಸ್ಸುಗಳಿಗೆ ಪೆಟ್ಟು ಬಿದ್ದಿದೆಯೇ ಎಂಬುದು ಬೇರೆ ಚರ್ಚೆ, ಅದು ನಡೆಯಲಿ. ಅದಕ್ಕೆ ಸಹಕಾರ ಸಾರಿಗೆಯನ್ನು ಸಾಕ್ಷಿ ಮಾಡಬೇಡಿ. ಆ ಸಂದೇಶ ನಿಮ್ಮ ಗ್ರೂಪಿಗೆ ಬಂದಿದ್ದರೆ ಈ ದಿನಾಂಕಗಳನ್ನೂ ಅಲ್ಲೇ ಹಾಕಿ.