ಮಾನಿಟರಿಗೆ ಕಾಮಾಲೆ

ಆಯುಧಪೂಜೆಯ ದಿನ ನಮ್ಮ ಮನೆಯ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿದ್ದು ನಾನೇ. ಮಾನಿಟರಿನ ಹಣೆಗೊಂದು ಬೊಟ್ಟು, ಸಿಪಿಯು ಹೊಟ್ಟೆಗೊಂದು ಬೊಟ್ಟು, ಮೌಸಿನ ಮೇಲೆ ಒಂದು ಸೇವಂತಿಗೆ. ವಿಜಯದಶಮಿ ಕಳೆದ ಮಾರನೇ ದಿನ ಆನ್ ಮಾಡಿದೆ. ಮಾನಿಟರು ಅರಿಶಿನವನ್ನು ಮೈಗೆಲ್ಲ ಬಳಿದುಕೊಂಡಿತ್ತು.

ಮೊದಲು ಗೊತ್ತೇ ಆಗಲಿಲ್ಲ. ಮನೆಯಲ್ಲೇ ಕೂತು ಡಿಟಿಪಿ ಮಾಡುವವಳು ನಾನು. ತೆರೆದದ್ದು ಮದುವೆ ಕಾರ್ಡಿನ ಫೈಲು. ಮದುವೆ ಕಾರ್ಡು ಹಳದಿ ಇರೋದರಲ್ಲಿ ಏನು ವಿಶೇಷ? ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿ, ಬಣ್ಣ ತಿದ್ದುವ ಹಳದಿ–ನೀಲಿ ಪಟ್ಟಿಯನ್ನು ನೀಲಿ ಕಡೆಗೆ ಎಳೆದೆ. ಜಗ್ಗಲಿಲ್ಲ. ಇನ್ನೂ ಎಳೆದೆ. ಊಹೂಂ. ಕೊನೆಯವರೆಗೂ ಎಳೆದು, ಹಾಳಾಗಿ ಹೋಗಲಿ ಅಂತ ಪಾರ್ಟಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡೇ ನಿಮಿಷದಲ್ಲಿ ಹುಡುಗಿಯ ತಂದೆಯ ಫೋನು.

"ಮೇಡಂ, ಗಣಪತಿ ಯಾಕೆ ಬೀಟ್‌ರೂಟ್ ತರ ಇದ್ದಾನೆ? ಇದು ಮದುವೆ ಕಾರ್ಡಾ, ವೈಕುಂಠ ಸಮಾರಾಧನೆ ಕಾರ್ಡಾ?"

ಮೊಬೈಲಿನಲ್ಲಿ ತೆಗೆದು ನೋಡಿದೆ. ಕಾರ್ಡು ತಿಳಿ ನೇರಳೆ. ಗಣಪತಿ ನಿಜವಾಗಿಯೂ ಬೀಟ್‌ರೂಟ್. ಮಾನಿಟರಿನಲ್ಲಿ ಮಾತ್ರ ಅದೇ ಗಣಪತಿ ಕೇಸರಿಯಾಗಿ ನಗುತ್ತಿದ್ದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಭಯ ಆಯಿತು. ಕನ್ನಡಿ ಮುಂದೆ ನಿಂತು ಕೆಳರೆಪ್ಪೆ ಎಳೆದು ನೋಡಿಕೊಂಡೆ. ಬೆಳ್ಳಗೇ ಇತ್ತು. ಮತ್ತೆ ಬಂದು ನೋಡಿದರೆ ವಾಟ್ಸಾಪಿನ ನೀಲಿ ಟಿಕ್ಕುಗಳೆಲ್ಲ ಹಸಿರು. ನೀಲಿ ಸೀರೆಯುಟ್ಟು ತೆಗೆಸಿಕೊಂಡ ನನ್ನ ಫೋಟೋದಲ್ಲಿ ಸೀರೆ ಕಪ್ಪು. ಕಾಮಾಲೆ ಮಾನಿಟರಿಗೇ ಅಂತ ಖಾತ್ರಿಯಾಯಿತು.

ಗಂಡನಿಗೆ ಫೋನ್ ಮಾಡಿದೆ. "ರೀಸ್ಟಾರ್ಟ್ ಮಾಡಿದ್ಯಾ?" ಅಂದರು. ನನಗೆ ತಲೆನೋವು ಅಂದರೂ ಅವರು ಅದನ್ನೇ ಕೇಳಬಹುದು. ಮಗ ಮೊಬೈಲಿನಿಂದ ತಲೆ ಎತ್ತದೆ, "ನೈಟ್ ಲೈಟ್ ಆನ್ ಆಗಿರ್ಬೇಕು ನೋಡಮ್ಮಾ" ಅಂದ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಪರದೆಯನ್ನು ಹಳದಿ ಮಾಡುವ ಒಂದು ಸೌಕರ್ಯ ವಿಂಡೋಸಿನಲ್ಲಿದೆ. ಹುಡುಕಿದೆ. ಅದು ಆಫ್ ಆಗಿಯೇ ಇತ್ತು.

ಕೊನೆಗೆ ನಮ್ಮ ರಿಪೇರಿ ಹುಡುಗನಿಗೆ ಮೆಸೇಜು ಹಾಕಿದೆ. ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ.

"ಸ್ಕ್ರೀನ್‌ಶಾಟ್ ಕಳಿಸಿ ಮೇಡಂ."

ಕಳಿಸಿದೆ.

"ಚೆನ್ನಾಗೇ ಇದ್ಯಲ್ಲ ಮೇಡಂ."

ಆ ಸ್ಕ್ರೀನ್‌ಶಾಟನ್ನು ಇಲ್ಲಿ ತೆರೆದರೆ ಹಳದಿ. ಮತ್ತೆ ಕಳಿಸಿದೆ. "ಇದೂ ಚೆನ್ನಾಗಿದೆ ಮೇಡಂ." ಮೂರನೆಯದು ಕಳಿಸಿದ ಮೇಲೆ ಅವನು, "ಮೇಡಂ, ಮನೇಲಿ ಎಲ್ಲಾ ಆರಾಮಾ?" ಅಂತ ಕೇಳಿದ.

ಆಮೇಲೆ ಅವನೇ ಬಿಡಿಸಿ ಹೇಳಿದ. ಸ್ಕ್ರೀನ್‌ಶಾಟ್ ಹುಟ್ಟುವುದು ಸಿಪಿಯು ಒಳಗೆ. ಅಂದರೆ ಅಡುಗೆಮನೆಯ ಪಾತ್ರೆಯಲ್ಲೇ ಸಾರಿನ ರುಚಿ ನೋಡಿದ ಹಾಗೆ. ಅಲ್ಲಿ ಸರಿಯಿದೆ, ಎಲೆಗೆ ಬಿದ್ದಾಗ ಕೆಟ್ಟಿದೆ ಅಂದರೆ ತಪ್ಪು ಬಡಿಸುವಲ್ಲೇ. ಒಂದೋ ಕೇಬಲ್ಲು, ಇಲ್ಲ ಮಾನಿಟರು. ಮಾನಿಟರಿನ ಗುಂಡಿ ಒತ್ತಿ ಅದರದೇ ಮೆನು ತೆರೆಯಿರಿ ಅಂದ. ತೆರೆದೆ. ಹಳದಿ ಪರದೆಯ ನಡುವೆ ಮೆನು ಮಾತ್ರ ಅಪ್ಪಟ ನೀಲಿ, ಅಪ್ಪಟ ಬಿಳಿ. "ಮಾನಿಟರ್ ಸರಿಯಿದೆ ಮೇಡಂ, ಕೇಬಲ್ಲೇ" ಅಂದು ಫೋನ್ ಇಟ್ಟ. ಬಸ್ಸು ಬಂತಂತೆ.

ಇಷ್ಟು ಹೊತ್ತು ಪೇಪರಿನ ಹಿಂದೆ ಕೂತಿದ್ದ ಮಾವನವರು ಈಗ ಎದ್ದರು.

ಮಾವ ನಿವೃತ್ತ ಬ್ಯಾಂಕ್ ಕ್ಯಾಷಿಯರ್. ಬ್ಯಾಂಕು ಬಿಟ್ಟು ಹದಿನೆಂಟು ವರ್ಷವಾಯಿತು, ಎಣಿಸುವುದನ್ನು ಬಿಟ್ಟಿಲ್ಲ. ಪೇಪರಿನ ಪುಟ ಎಣಿಸಿಯೇ ಓದುತ್ತಾರೆ. ಇಡ್ಲಿ ತಟ್ಟೆ ಇಳಿಸಿದರೆ ಎಣಿಸುತ್ತಾರೆ. ಯಾರದೋ ಮದುವೆಗೆ ಹೋದರೆ, "ಪಂಕ್ತಿಗೆ ನಲವತ್ತೆರಡು ಎಲೆ, ಎಂಟು ಪಂಕ್ತಿ" ಅಂತ ಲೆಕ್ಕ ತರುತ್ತಾರೆ. ಪೂಜೆಯ ಹಿಂದಿನ ದಿನ ಕಂಪ್ಯೂಟರ್ ಟೇಬಲ್ ಎಳೆದು, ಧೂಳು ಒರೆಸಿ, ಮತ್ತೆ ಗೋಡೆಗೆ ಒತ್ತಿ ತಳ್ಳಿದವರೂ ಅವರೇ. ನಾನು ಏನೂ ಅನ್ನಲಿಲ್ಲ. ಬರೀ ಟೇಬಲ್ ನೋಡಿದೆ, ಗೋಡೆ ನೋಡಿದೆ.

"ಎಲ್ಲಮ್ಮಾ, ನಾನು ನೋಡ್ತೀನಿ" ಅಂದು ಮಾವ ಸಿಪಿಯು ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಕೇಬಲ್ಲಿನ ಕತ್ತು ಹಿಡಿದರು.

ಪರದೆ ಫಳಕ್ಕನೆ ಬೆಳ್ಳಗಾಯಿತು.

"ಬಂತಾ?"

"ಬಂತು ಮಾವ!"

"ಬಿಟ್ಟೆ."

"ಹೋಯ್ತು ಮಾವ!"

"ಈಗ?"

"ಬಂತು ಬಂತು, ಅಲ್ಲಾಡಬೇಡಿ!"

ಹೀಗೆ ಕೂಗುತ್ತಿದ್ದವಳು ಒಂದು ಕ್ಷಣ ಸುಮ್ಮನಾದೆ. ಚಿಕ್ಕಂದಿನಲ್ಲಿ ಭಾನುವಾರ ಸಂಜೆ ಅಪ್ಪ ಹೆಂಚಿನ ಮಾಡಿನ ಮೇಲೆ ಆಂಟೆನಾ ತಿರುಗಿಸುತ್ತಿದ್ದರು. ಅಣ್ಣ ಅಂಗಳದಲ್ಲಿ, ನಾನು ಟಿವಿ ಮುಂದೆ. "ಬಂತಾ?" ಅಂತ ಮೇಲಿಂದ ಬಂದದ್ದನ್ನು ಅಣ್ಣ ನನಗೆ ದಾಟಿಸುತ್ತಿದ್ದ, ನನ್ನ "ಇಲ್ಲಾ" ಮೇಲಕ್ಕೆ ಹೋಗುತ್ತಿತ್ತು. ಅಪ್ಪ ಇಳಿದು ಕೈ ತೊಳೆದು ಬರುವ ಹೊತ್ತಿಗೆ ಸಿನಿಮಾದಲ್ಲಿ ಹೀರೋ ದೊಡ್ಡವನಾಗಿರುತ್ತಿದ್ದ. ಅಪ್ಪ ಒಂದು ಸಿನಿಮಾವನ್ನೂ ಮೊದಲಿನಿಂದ ನೋಡಿದ್ದು ನನಗೆ ನೆನಪಿಲ್ಲ.

"ಕೈ ಜೋಮು ಹಿಡೀತಿದೆ, ಬೇಗ ಮಾಡಮ್ಮಾ" ಅಂದರು ಮಾವ. ಗಡಿಬಿಡಿಯಲ್ಲಿ ಗಣಪತಿಯನ್ನು ಮತ್ತೆ ಕೇಸರಿ ಮಾಡಿ ಪಾರ್ಟಿಗೆ ಕಳಿಸಿದೆ. ಅಷ್ಟರಲ್ಲಿ ಮಾವ ಕೇಬಲ್ ಬಿಚ್ಚಿ, ಕನ್ನಡಕ ಹಾಕಿ, ಮೂತಿಗೆ ಟಾರ್ಚು ಬಿಟ್ಟಿದ್ದರು.

ಇದು ಹಳೇ ವಿಜಿಎ ಕೇಬಲ್ಲು. 1987ರಲ್ಲಿ ಐಬಿಎಂ ಕಂಪನಿ ತಂದ ಜಾತಿ. ಮೂತಿಯ ಬಣ್ಣ ನೀಲಿ. ಮೂರು ಸಾಲು, ಸಾಲಿಗೆ 5 ಜಾಗ. ಮೊದಲ ಮೂರು ಕಡ್ಡಿಗಳು ಕೆಂಪು, ಹಸಿರು, ನೀಲಿಯನ್ನು ಒಂದೊಂದಾಗಿ ಹೊತ್ತು ತರುತ್ತವೆ. ನೀಲಿಯ ದಾರಿ ಕಿತ್ತರೆ ಬಿಳಿಯಲ್ಲಿ ಉಳಿಯುವುದು ಕೆಂಪು, ಹಸಿರು. ಅವೆರಡೂ ಬೆರೆತರೆ ಹಳದಿ. ಮೂತಿಯೆಲ್ಲ ನೀಲಿ ಇಟ್ಟುಕೊಂಡ ಕೇಬಲ್ಲು ಕಳೆದುಕೊಂಡದ್ದು ನೀಲಿಯನ್ನೇ.

ಮಾವನಿಗೆ ಬಣ್ಣದ ಕತೆ ಬೇಕಿರಲಿಲ್ಲ. ಅವರು ಎಣಿಸುತ್ತಿದ್ದರು.

"ಸಿಕ್ತು! ತೂತು ಹದಿನೈದು, ಕಡ್ಡಿ ಹದಿನಾಲ್ಕು! ಒಂದು ಮುರಿದು ಬಿದ್ದಿದೆ." ಕ್ಯಾಷಿನಲ್ಲಿ ಬಾಕಿ ಬಂದಾಗಲೂ ಅವರ ಮುಖ ಇಷ್ಟು ಅರಳಿರಲಿಕ್ಕಿಲ್ಲ. ಬಿದ್ದ ಕಡ್ಡಿಗಾಗಿ ಮೇಜಿನ ಕೆಳಗೆ ಹುಡುಕಿದೆವು. ನನ್ನ ಒಂದು ಹೇರ್‌ಪಿನ್ನು ಸಿಕ್ಕಿತು. ಮಾವ ಅದನ್ನೂ ಒಮ್ಮೆ ಅಳತೆ ಹಿಡಿದು ನೋಡಿದರು.

ಕುವೆಂಪುನಗರದಿಂದ ಬಸ್ಸು ಹತ್ತಿ ಅರಸು ರಸ್ತೆಗೆ ಹೋಗಿ ಹೊಸ ಕೇಬಲ್ ತಂದರು. ತಂದವರು ಸಿಕ್ಕಿಸಿದರಾ? ಇಲ್ಲ. ಪ್ಯಾಕೆಟ್ ಒಡೆದು ಎಣಿಸಿದರು. ಹದಿನಾಲ್ಕು!

"ಮೋಸ! ಹೊಸದರಲ್ಲೇ ಒಂದು ಕಮ್ಮಿ ಕೊಟ್ಟಿದಾನೆ."

"ಮಾವ, ಒಂದು ಸಲ ಹಾಕಿ ನೋಡೋಣ."

"ಕೌಂಟರ್ ಬಿಡೋ ಮುಂಚೆ ಎಣಿಸ್ಕೋಬೇಕು ಅಂತ ನಾನೇ ಬೋರ್ಡ್ ಬರೆಸಿದ್ದವನಮ್ಮಾ. ನಾನೇ ಎಣಿಸದೆ ಬಂದೆ." ಅವರ ದನಿಯಲ್ಲಿ ನಿಜವಾದ ನೋವಿತ್ತು. ಮತ್ತೆ ಬಸ್ಸು. ಈ ಸಲ ನಾನೂ ಹೋದೆ, ಜಗಳ ಆದರೆ ಬಿಡಿಸಲು ಒಬ್ಬರು ಬೇಕಲ್ಲ.

ಅಂಗಡಿಯ ಹುಡುಗ ಪಾಪ ಒಳ್ಳೆಯವನು. ಬೇರೆ ಪ್ಯಾಕೆಟ್ ಕೊಟ್ಟ. ಮಾವ ಎಣಿಸಿದರು, ಹದಿನಾಲ್ಕು. ಇನ್ನೊಂದು, ಹದಿನಾಲ್ಕು. ಹುಡುಗ ರಟ್ಟಿನ ಡಬ್ಬವನ್ನೇ ಕೌಂಟರಿನ ಮೇಲೆ ಸುರಿದ. ಮಾವ ಬೆರಳಿಗೆ ಎಂಜಲು ಹಚ್ಚಿಕೊಂಡು, ನೋಟಿನ ಕಟ್ಟಿನ ಹಾಗೆ, ಒಂದೊಂದೇ ಎತ್ತಿ ಎಣಿಸತೊಡಗಿದರು. ಹಿಂದೆ ನಾಲ್ಕು ಜನ ಕ್ಯೂ ನಿಂತರು. ಚಾರ್ಜರ್ ಕೊಳ್ಳಲು ಬಂದ ಹೆಂಗಸೊಬ್ಬರು, "ಇಲ್ಲೇನು ಹರಾಜಾ?" ಅಂತ ನನ್ನನ್ನೇ ಕೇಳಿದರು. ನಾನು ಸೆರಗು ಹೊದ್ದು ಪೆನ್‌ಡ್ರೈವುಗಳ ಕಡೆ ತಿರುಗಿಕೊಂಡೆ.

ಹನ್ನೊಂದು ಕೇಬಲ್ಲು, ಒಟ್ಟು ನೂರ ಐವತ್ತನಾಲ್ಕು ಕಡ್ಡಿ. ಮೊತ್ತವನ್ನೂ ಮಾವನೇ ಹೇಳಿದ್ದು.

"ಅಂಕಲ್, ಅದು ಹಂಗೇ ಬರೋದು. ಆ ಒಂದು ಕಡ್ಡಿ ಹುಟ್ಟಿನಿಂದಲೇ ಇರಲ್ಲ" ಅಂದ ಹುಡುಗ. ಅವನು ಹೇಳಿದ್ದು ಸರಿ. ಎಷ್ಟೋ ವಿಜಿಎ ಕೇಬಲ್ಲುಗಳಲ್ಲಿ 9ನೆಯ ಕಡ್ಡಿ ಇರುವುದೇ ಇಲ್ಲ, ಅದಿಲ್ಲದೆಯೂ ಚಿತ್ರ ಬರುತ್ತದೆ. ನಮ್ಮ ಕೇಬಲ್ಲಿನಲ್ಲಿ ಕೆಟ್ಟದ್ದು ಕಡ್ಡಿಯಲ್ಲ. ಗೋಡೆಗೆ ಒತ್ತಿದ್ದಕ್ಕೆ ಕತ್ತಿನ ಹತ್ತಿರ ಒಳಗಿನ ತಂತಿ ಕಿತ್ತಿತ್ತು.

"ಇಲ್ಲದೇ ಇರೋದಕ್ಕೆ ತೂತು ಯಾಕಪ್ಪಾ ಇಟ್ಟರು?" ಅಂತ ಮಾವ ಕೇಳಿದರು. ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾವ ಮಾತಾಡಲಿಲ್ಲ. ಸೀಟು ಎಷ್ಟಿವೆ ಅಂತಲೂ ಹೇಳಲಿಲ್ಲ.

ಮನೆಗೆ ಬಂದು ಸಿಕ್ಕಿಸಿದೆವು. ಪರದೆ ತೊಳೆದ ಪಂಚೆಯ ಹಾಗೆ ಬೆಳ್ಳಗಾಯಿತು. ಟೇಬಲನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ.

ನಿನ್ನೆ ಹಳೇ ಕೇಬಲ್ ಬಿಸಾಡೋಣ ಅಂತ ಹುಡುಕಿದರೆ ಸಿಗಲಿಲ್ಲ. ಮಾವನ ಬೀರುವಿನಲ್ಲಿತ್ತು, ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿ.

"ಇದ್ಯಾಕೆ ಮಾವ, ಕೆಟ್ಟಿದ್ಯಲ್ಲ?"

"ಇರಲಿ ಬಿಡಮ್ಮಾ. ಕಡ್ಡಿ ಹದಿನಾಲ್ಕೂ ಸರಿಯಾಗಿವೆ."