ಮೂರು ತಂತಿ, ಎರಡು ಕೈ

ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಬರೆಯೋಕೆ ನನಗೆ ಹತ್ತು ನಿಮಿಷ ಸಾಕು. ಅದನ್ನು ಚಿಪ್ ಕೂರಿಸಿದ ಪುಟ್ಟ ಸರ್ಕ್ಯೂಟ್ ಬೋರ್ಡಿನೊಳಗೆ ಇಳಿಸೋಕೆ ಒಂದು ಇಡೀ ಭಾನುವಾರ ಬೇಕು.

ಹೋದ ಭಾನುವಾರ ಬೆಳಗ್ಗೆಯೇ ಕೂತೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿದೆ. ಬೋರ್ಡಿನ ಪವರ್ ದೀಪ ಹತ್ತಿತು. ಕಂಪ್ಯೂಟರ್ ಮಾತ್ರ ಮನೆಗೆ ಯಾರೂ ಬಂದೇ ಇಲ್ಲ ಅನ್ನೋ ಹಾಗೆ ಸುಮ್ನೆ ಕೂತಿತ್ತು. ಡ್ರೈವರ್ ಕಿತ್ತು ಹಾಕಿದೆ, ಮತ್ತೆ ಹಾಕಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ. ಒಂದೂವರೆ ಗಂಟೆ ಆದ ಮೇಲೆ ಹೊಳೆಯಿತು: ಅದು ಬರೀ ಚಾರ್ಜ್ ಮಾಡೋ ಕೇಬಲ್. ಒಳಗೆ ಡೇಟಾ ತಂತಿಗಳೇ ಇಲ್ಲ. ಎಸೆಯಬೇಕಿತ್ತು. ಎಸೆಯಲಿಲ್ಲ, ಅದೇ ಡ್ರಾಯರಿಗೆ ತುರುಕಿದೆ.

ಆಮೇಲೆ ಸೀರಿಯಲ್, ಅಂದರೆ ಬೋರ್ಡೂ ಕಂಪ್ಯೂಟರೂ ತಂತಿಯಲ್ಲಿ ಮಾತಾಡೋ ದಾರಿ. ಟಿಎಕ್ಸ್ ಅಂದರೆ ಬಾಯಿ, ಆರ್‌ಎಕ್ಸ್ ಅಂದರೆ ಕಿವಿ. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ನಾನು ಶಿಸ್ತಿನ ಮನುಷ್ಯ, ಟಿಎಕ್ಸ್ ಅನ್ನು ಟಿಎಕ್ಸ್‌ಗೇ ಜೋಡಿಸಿದ್ದೆ. ಬಾಯಿಗೆ ಬಾಯಿ, ಕಿವಿಗೆ ಕಿವಿ. ಅದಲು ಬದಲು ಮಾಡಿದೆ. ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ, ಚೌಕಳಿ, ಯಾವುದೋ ಲಿಪಿಯ ಬಾಲ. ಬೋರ್ಡ್ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಒದರುತ್ತಿತ್ತು, ನಾನು 9600ರಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಸರಿ ಮಾಡಿದ ಮೇಲೆ ಅದು ಹೇಳಿದ್ದು ಇಷ್ಟೇ: ‘ಹಲೋ’.

ಮಾತು ಹೀಗೆ ನಡೆಯುತ್ತೆ, ನಿಜ. ಆದರೆ ಚಿಪ್ಪಿನೊಳಗೆ ಇಣುಕಿ ನೋಡಬೇಕು, ಪ್ರೋಗ್ರಾಂ ಅನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಬೇಕು ಅಂದರೆ ಡೀಬಗ್ ಪಿನ್ನುಗಳೇ ಬೇಕು. ಆ ಪಿನ್ನುಗಳಿಗೆ ಜೋಡಿಸೋ ಒಂದು ಪದ್ಧತಿ, 1990ರಲ್ಲಿ ಸ್ಟ್ಯಾಂಡರ್ಡ್ ಆದ ಜೆಟ್ಯಾಗ್‌ಗೆ ಕನಿಷ್ಠ ನಾಲ್ಕು ಸಿಗ್ನಲ್ ತಂತಿ. ಆರ್ಮ್ ಅನ್ನೋ ವಿನ್ಯಾಸದ ಚಿಪ್ಪುಗಳ ಎಸ್‌ಡಬ್ಲ್ಯೂಡಿ ಪದ್ಧತಿಗೆ ಎರಡೇ: ತಾಳ ಹಾಕೋಕೆ ಒಂದು ಕ್ಲಾಕ್, ಒಂದು ಡೇಟಾ. ಎರಡೇ ತಾನೇ ಅಂತ ಎರಡೇ ಹಾಕಿದೆ. ಎರಡೂ ಕಡೆಯ ಸೊನ್ನೆ ವೋಲ್ಟನ್ನು ಸೇರಿಸೋ ಗ್ರೌಂಡ್ ತಂತಿ ಮರೆತಿದ್ದೆ. ಒಂಚೂರೂ ಕೆಲಸ ಮಾಡದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆದರೆ ಅದು ಒಮ್ಮೆ ಸಿಗುತ್ತಿತ್ತು, ಮೂರು ಸಲ ಕೈಕೊಡುತ್ತಿತ್ತು. ಮೇಜು ಅಲ್ಲಾಡಿದ್ದಕ್ಕೆ ಹೀಗಾಗ್ತಿದೆ ಅಂತ ಮೇಜಿನ ಕಾಲಿಗೆ ಕಾಗದ ಮಡಚಿ ಇಟ್ಟವನು ನಾನು.

ಈ ಬೋರ್ಡಿಗೆ ಕನೆಕ್ಟರ್ ಕೂಡ ಇಲ್ಲ. ಇದ್ದಿದ್ದರೆ 1.27 ಮಿಲಿಮೀಟರ್ ಅಂತರದ ಹತ್ತು ಪಿನ್ನಿನ ಪುಟಾಣಿ ಇರುತ್ತಿತ್ತು, ಅದನ್ನು ತಿರುಗಾ ಮುರುಗಾ ಹಾಕಿ ಇನ್ನೊಂದು ಗಂಟೆ ಕಳೆಯುತ್ತಿದ್ದೆ. ಇದರಲ್ಲಿ ಇರೋದು ಸಾಸಿವೆ ಗಾತ್ರದ ತಾಮ್ರದ ಚುಕ್ಕೆಗಳು. ಬೆಸುಗೆ ಹಾಕಬಹುದು, ಆದರೆ ಕಾವು ಜಾಸ್ತಿಯಾದರೆ ಚುಕ್ಕೆ ತಂತಿಯ ಜೊತೆಗೇ ಎದ್ದು ಬರುತ್ತೆ. ನನ್ನ ಹತ್ತಿರ ಹಾಗೆ ಎದ್ದು ಬಂದವು ಒಂದು ಡಬ್ಬಿಯಲ್ಲಿವೆ.

ಹಾಗಾಗಿ ಪೋಗೋ ಪಿನ್. ಒಳಗೆ ಸ್ಪ್ರಿಂಗ್ ಇರೋ ಸೂಜಿ. ಒತ್ತಿ ಹಿಡಿದರೆ ಸಂಪರ್ಕ, ಬಿಟ್ಟರೆ ಇಲ್ಲ. ಮೂರು ಸೂಜಿ ಒತ್ತಿ ಹಿಡಿದು, ಮೊಣಕೈಯಿಂದ ಎಂಟರ್ ಒತ್ತಿದೆ. ಹತ್ತು ಪರ್ಸೆಂಟ್, ಐವತ್ತು, ಎಂಬತ್ತು. ಸೀನು ಬಂತು.

ಐದನೇ ಯತ್ನಕ್ಕೆ ಪ್ರೋಗ್ರಾಂ ಇಳಿಯಿತು. ದೀಪ ಮಿನುಗಿತು. ಇನ್ನೂ ಸ್ವಲ್ಪ ಬೇಗ ಮಿನುಗಲಿ ಅಂತ ಮತ್ತೆ ಜೋಡಿಸಿದರೆ ಕಂಪ್ಯೂಟರ್ ಚಿಪ್ಪಿನ ಗುರುತೇ ಹಿಡಿಯಲಿಲ್ಲ. ಯಾಕೆ ಗೊತ್ತಾ? ದೀಪಕ್ಕೆ ಅಂತ ನಾನು ಆರಿಸಿದ್ದು ಡೀಬಗ್ ಡೇಟಾ ಪಿನ್ನನ್ನೇ. ಒಳಗಿಂದ ಚಿಲಕ ಹಾಕಿ ನಾನೇ ಹೊರಗೆ ನಿಂತಿದ್ದೆ.

ದಾರಿ ಇದೆ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ತಾಗಿಸಿ ಹಿಡಿದರೆ ನಮ್ಮ ಪ್ರೋಗ್ರಾಂ ಶುರುವಾಗೋದೇ ಇಲ್ಲ, ಆ ಸಂದಿಯಲ್ಲಿ ಡೀಬಗರ್ ಒಳಗೆ ನುಗ್ಗಬಹುದು. ಆದರೆ ಅದಕ್ಕೆ ಇನ್ನೊಂದು ತಂತಿ ಹಿಡಿಯಬೇಕು. ನನಗಿರೋದು ಎರಡೇ ಕೈ, ಎರಡೂ ಆಗಲೇ ಬುಕ್ ಆಗಿದ್ದವು.

“ಪುಟ್ಟಾ, ಸ್ವಲ್ಪ ಬಾ ಇಲ್ಲಿ” ಅಂತ ಮಗಳನ್ನು ಕೂಗಿದೆ. ಬಂದಳು, ನೋಡಿದಳು, ಮಾತಾಡದೆ ಟೆರೇಸಿಗೆ ಹೋದಳು. ವಾಪಸ್ ಬಂದಾಗ ಕೈಯಲ್ಲಿ ಬಟ್ಟೆ ಕ್ಲಿಪ್ಪುಗಳು. “ಅಪ್ಪಾ, ಸೂಜಿಗಳನ್ನ ಇದಕ್ಕೆ ಅಂಟಿಸಿ, ಬೋರ್ಡಿಗೆ ಕಚ್ಚಿಸಿಬಿಡಿ.”

ಅಂಟಿಸಿದೆ. ಕಚ್ಚಿತು. ಮೊದಲ ಸಲಕ್ಕೇ ಚಿಪ್ ಸಿಕ್ಕಿತು, ಪಿನ್ ಬದಲಾಯಿಸಿದೆ, ದೀಪ ಬೇಗ ಬೇಗ ಮಿನುಗಿತು. ಸಂಭ್ರಮ ಹಂಚಿಕೊಳ್ಳೋಣ ಅಂತ ಹೆಂಡತಿಯನ್ನು ಕರೆಯಬೇಕು, ಅಷ್ಟರಲ್ಲಿ ಅವಳೇ ಬಂದಳು. ಟೆರೇಸಿನ ತಂತಿಯಲ್ಲಿ ನನ್ನ ಒಂದೇ ಒಂದು ಒಳ್ಳೆ ಅಂಗಿ ಇತ್ತಂತೆ. ಈಗ ಪಕ್ಕದ ಮನೆಯ ಮರದಲ್ಲಿದೆಯಂತೆ.