ಅಡ್ಡಿಯಿಲ್ಲ

ನಮ್ಮ ಕಡೆ ಪಿಚ್ಚರ್ ನೋಡಿ ಹೊರಗ ಬಂದವರನ್ನ ಹೆಂಗೈತಿ ಅಂತ ಕೇಳಿದ್ರ ಬರೂ ಉತ್ತರ ಒಂದ, ಅಡ್ಡಿಯಿಲ್ಲ. ಭಾಳ ಛಲೋ ಇದ್ರೂ ಅಡ್ಡಿಯಿಲ್ಲ, ನಡುವ ನಿದ್ದಿ ಹತ್ತಿದ್ರೂ ಅಡ್ಡಿಯಿಲ್ಲ, ಟಿಕೆಟ್ ರೊಕ್ಕಾ ಬ್ಯಾರೇದವರು ಕೊಟ್ಟಿದ್ರಂತೂ ಅಡ್ಡೀನ ಇಲ್ಲ. ಕನ್ಯಾ ನೋಡಿ ಬಂದವರೂ ಇದನ್ನ ಅಂತಾರ, ಹೊಸಾ ಸೊಸಿ ಮಾಡಿದ ಸಾರು ಉಂಡವರೂ ಇದನ್ನ ಅಂತಾರ. ಅರ್ಥ ಎಲ್ಲಾ ಇರೂದು ಅದನ್ನ ಅನ್ನೂ ರಾಗದಾಗ. ಗೋಣ ಹಾಕಿ ಗಿಡ್ಡಕ ಅಂದ್ರಂದ್ರ ಮನಿ ಮಂದೀನ್ನೆಲ್ಲಾ ಕರ್ಕೊಂಡು ಹೋಗು ಅಂತ, ಎಳದು ಎಳದು ಅಂದ್ರಂದ್ರ ಟಿವಿಯಾಗ ಬರೂತನಾ ತಡಿ ಅಂತ, ಬೈಕಿನ ಕೀಲಿ ಹುಡುಕ್ಕೊಂತ ಅಂದ್ರಂದ್ರ ಆ ಸುದ್ದಿ ಬಿಡಪಾ ಅಂತ. ಪೇಪರಿನವರು ಐದಕ್ಕ ಮೂರೂವರಿ ಸ್ಟಾರ್ ಅಂತ ಕೊಡ್ತಾರಲ್ಲ, ಆ ಅರ್ಧಾ ಸ್ಟಾರ್ ಯಾಕ ಹೋತು ಅಂತ ನನಗ ಇವತ್ತಿಗೂ ತಿಳಿದಿಲ್ಲ, ಆದ್ರ ಅಡ್ಡಿಯಿಲ್ಲ ಅಂದ್ರ ಎಲ್ಲಾ ತಿಳೀತೈತಿ.

ನಾನು ಡೈರೆಕ್ಟರ್ ಆಗಬೇಕಂತ ಅನ್ಕೊಂಡಾವ. ಅನ್ಕೊಂಡು ಆರು ವರ್ಷ ಆತು. ಸದ್ಯಕ್ಕ ಹುಬ್ಬಳ್ಳ್ಯಾಗ ಮದುವಿ ವಿಡಿಯೋ ಎಡಿಟ್ ಮಾಡ್ತೀನಿ. ಒಬ್ರು ಯಜಮಾನ್ರು ಬಂದು, ತಮ್ಮಾ ಅಕ್ಕಿಕಾಳು ಬಿದ್ದಿದ್ದು ಸ್ವಲ್ಪ ಕಮ್ಮಿ ಆದ್ರೂ ನಡೀತೈತಿ ಊಟದ ಪಂಕ್ತಿ ಮಾತ್ರ ಪೂರ್ತಿ ಬರಬೇಕು, ಯಾರ ಮುಖಾನೂ ಬಿಡಬ್ಯಾಡ, ಆಮ್ಯಾಲ ಬೀಗರ ಕೂಡ ಜಗಳ ಆಕ್ಕಾವು ಅಂದ್ರು. ಹಿಂಗ ವರ್ಷಕ್ಕ ನಲವತ್ತು ಮದುವಿ. ಅದಕ್ಕ ಈಗ ಯಾವ ದೊಡ್ಡ ಪಿಚ್ಚರ್‌ನಾಗ ಡ್ರೋನ್ ಶಾಟ್ ಬಂದ್ರೂ ನನಗ ಕಲ್ಯಾಣ ಮಂಟಪದ ಸಿಂಟ್ಯಾಕ್ಸ್ ಟಾಕಿನ ಕಾಣ್ತಾವು.

ಈ ರೋಗ ಹತ್ತಿದ ಮ್ಯಾಲ ಪಿಚ್ಚರ್ ನೋಡೂ ಸುಖಾನೂ ಹೋತು. ಹೀರೋಯಿನ್ ಅಳಾಕತ್ತಿದ್ರ ಬಾಜೂಕ ಕುಂತಾವ ಕಣ್ಣ ಒರಸ್ಕೊಂತಿರ್ತಾನ, ನಾನು ಕರೆಂಟ್ ಹೋಗಿದ್ದ ಹಳ್ಳಿ ಅಂತೀರಿ ಮತ್ತ ಈ ನೀಲಿ ಬೆಳಕು ಎಲ್ಲಿಂದ ಬಂತ್ರೀ ಅಂತ ಮನಸಿನಾಗ ಡೈರೆಕ್ಟರ್ ಕೂಡ ವಾದಾ ಹಾಕ್ತಿರ್ತೀನಿ. ಅದು ಮುಗದ ಮ್ಯಾಲ ಗೆಳ್ಯಾ ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿನಾಗ ಸಿಗ್ತಾನ. ಅವಾ ಧಾರವಾಡದಾವ, ನಾನು ಅವನ ರೂಮಿಗೆ ವಸ್ತಿ ಹೊಂಟಿರ್ತೀನಿ. ಹೊಸೂರಿನಾಗ ಹತ್ತಿದ್ರ ಉಣಕಲ್ ಕೆರಿ ಬರೂದ್ರೊಳಗ ಫಸ್ಟ್ ಹಾಫ್ ಹರದು ಹಾಕಿರ್ತೀನಿ, ನವನಗರಕ್ಕ ಮ್ಯೂಸಿಕ್, ಸತ್ತೂರಿಗೆ ಕ್ಲೈಮ್ಯಾಕ್ಸ್, ಜುಬಿಲಿ ಸರ್ಕಲ್‌ನಾಗ ಇಳಿಯೂ ಹೊತ್ತಿಗೆ ಆ ಕಥೀನ್ನ ನಾನಾದ್ರ ಹೆಂಗ ತಗೀತಿದ್ದೆ ಅಂತ ಪೂರ್ತಿ ಹೇಳಿ ಮುಗಿಸಿರ್ತೀನಿ. ಒಮ್ಮೆ ಮುಂದಿನ ಸೀಟಿನ ಅಜ್ಜಾರು ಹೊಳ್ಳಿ ನೋಡಿ, ನೀವು ತಗದ ಪಿಚ್ಚರ್ ಯಾವುದ್ರೀಪಾ ಅಂದ್ರು. ಮಿರ್ಚಿ ತಿನ್ನೂಮುಂದ ಹಸೀ ಮೆಣಸಿನಕಾಯಿ ನೆತ್ತಿಗೆ ಹತ್ತಿದಂಗಾತು.

ಆದ್ರೂ ಅಭಿಪ್ರಾಯ ನಿಲ್ಲಂಗಿಲ್ಲ. 2025ರ ಜುಲೈದಾಗ ಸು ಫ್ರಮ್ ಸೋ ಬಂತು. ಹೆಸರು ಕೇಳಿ ಗೆಳ್ಯಾ ಇದೇನಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಹೆಸರೇನು ಅಂದಿದ್ದ, ಸೋಮೇಶ್ವರದ ಸುಲೋಚನಾ ಅಂತ ಅದರ ಅರ್ಥ. ಡೈರೆಕ್ಟರ್ ಜೆ.ಪಿ. ತುಮಿನಾಡ್, ಅಶೋಕ ಅನ್ನೂ ಪಾತ್ರಾನೂ ಅವರದ, ಆ ಅಶೋಕನ ಮೈಯಾಗ ದೆವ್ವ ಬಂದೈತಿ ಅಂತ ಊರು ತುಂಬ ಸುದ್ದಿ ಆಕ್ಕೈತಿ, ಅಷ್ಟ. ದೊಡ್ಡ ಹೀರೋ ಇಲ್ಲ, ಬಿಲ್ಡಪ್ ಇಲ್ಲ. ನಮ್ಮ ಹುಬ್ಬಳ್ಳಿ ಮಂದಿ ಆ ಕರಾವಳಿ ಕನ್ನಡಾ ಕೇಳಿ ಕುರ್ಚಿ ಬಡದು ಬಡದು ನಕ್ರು. ನಾನೂ ನಕ್ಕೆ, ಆದ್ರ ಇಂಟರ್ವಲ್‌ನಾಗ ಪಾಪ್‌ಕಾರ್ನ್ ಸಾಲಿನಾಗ ನಿಂತಾಗ ಹೊಟ್ಟಿ ಉರಿಯಾಕ ಹತ್ತು. ಯಾಕಂದ್ರ ಅಲ್ಲೆ ಯಾರೂ ಅವರ ಭಾಷಾಕ್ಕ ನಗಲಿಲ್ಲ, ಅವರು ಆಡಿದ ಮಾತಿಗೆ ನಕ್ರು. ನಮ್ಮ ಭಾಷಾ ಪಿಚ್ಚರ್‌ನಾಗ ಬರೂದು ಹೆಂಗ ಹೇಳ್ರಿ? ಪಟಗಾ ಸುತ್ತಿದಾವ ಒಬ್ಬ ಬೆಂಗಳೂರು ಬಸ್ ಸ್ಟ್ಯಾಂಡಿನಾಗ ಇಳೀತಾನ, ಕೈಯಾಗ ರೊಟ್ಟಿ ಗಂಟು, "ಏನಲೇ ಮಗನ" ಅಂತಾನ, ಥೇಟರ್ ಹೋ ಅಂತೈತಿ, ಅಲ್ಲಿಗೆ ಅವನ ಪಾತ್ರ ಮುಗೀತು. ಅವಾ ಯಾಕ ಬಂದಾ, ರೊಟ್ಟಿ ಯಾರಿಗೆ ತಂದಾ, ಯಾರಿಗೂ ಬೇಕಾಗಿಲ್ಲ. ಮರ್ಯಾದಿ ಕೊಟ್ಟವರು ಇಲ್ಲಂತಲ್ಲ. ನಾಗಾಭರಣ ಅವರ ಸಂತ ಶಿಶುನಾಳ ಶರೀಫ 1990ರಾಗ ಬಂತು, ಶಿಶುನಾಳ ಇರೂದ ನಮ್ಮ ಹಾವೇರಿ ಜಿಲ್ಲಾ ಶಿಗ್ಗಾವಿ ಕಡೆ, ಆಮ್ಯಾಲ 1997ರಾಗ ಅವರದ ನಾಗಮಂಡಲ. ಆದ್ರ ಹಿಂಗ ಎಣಸಾಕ ಹೋದ್ರ ಒಂದ ಕೈ ಬಟ್ಟಿನಾಗ ಲೆಕ್ಕಾ ಮುಗದು ಹೋಗ್ತೈತಿ.

ಇದನ್ನೆಲ್ಲಾ ನಾನು ಯಾರ ಮುಂದ ಹೇಳ್ತೀನಿ ಅಂದ್ರ ನಮ್ಮ ಕಾಕಾನ ಮುಂದ. ಕಾಕಾ ಹುಬ್ಬಳ್ಳಿ ಒಂದು ಟಾಕೀಜಿನಾಗ ಆಪರೇಟರ್ ಇದ್ರು, ರೀಲ್ ಓಡಸೂ ಆಪರೇಟರ್. ಆ ಟಾಕೀಜ್ ಈಗಿಲ್ಲ, ಅಲ್ಲೆ ಕಾರ್ ನಿಂದರ್ತಾವು. ದಿನಕ್ಕ ನಾಕು ಆಟ, ಓಡಿದ್ರ ಇಪ್ಪತ್ತೈದು ವಾರ, ಅದ ಪಿಚ್ಚರ್‌ನ ಗೋಡಿಯೊಳಗಿನ ಸಣ್ಣ ಕಿಂಡಿಯಾಗಿಂದ ನೋಡಿದ ಮನಶ್ಯಾ. ಎರಡು ಮಷೀನು, ಒಂದರಾಗ ರೀಲ್ ಮುಗ್ಯಾಕ ಬಂದಾಗ ತೆರೀ ಮ್ಯಾಲ ಬಲಗಡೆ ಮೂಲ್ಯಾಗ ಒಂದು ಚುಕ್ಕಿ ಬರತಿತ್ತಂತ, ಆವಾಗ ಎರಡನೇ ಮಷೀನ್ ಚಾಲೂ ಮಾಡೂದು, ಇನ್ನೊಂದು ಚುಕ್ಕಿ ಬಂದ ಕೂಡ್ಲೆ ಬದಲಿ ಮಾಡೂದು, ಎಂಟು ಸೆಕೆಂಡಿನ ಆಟ ಅದು. ಅಣ್ಣಾವ್ರ ಪಿಚ್ಚರ್ ಇದ್ರೂ ಕಾಕಾ ನೋಡತಿದ್ದಿದ್ದು ಅಣ್ಣಾವ್ರನ್ನಲ್ಲ, ಮೂಲ್ಯಾಗಿನ ಚುಕ್ಕೀನ. ಅವರಿಗೆ ಪಿಚ್ಚರ್ ಅಂದ್ರ ತಾಸು-ನಿಮಿಷದ ಲೆಕ್ಕಾ ಅಲ್ಲ, ಫೂಟಿನ ಲೆಕ್ಕಾ. ಒಂದು ಫೂಟ್ ರೀಲಿಗೆ 16 ಫ್ರೇಮು, ಸೆಕೆಂಡಿಗೆ 24 ಫ್ರೇಮು ಓಡ್ತಾವು, ಅಂದ್ರ ನಿಮಿಷಕ್ಕ 90 ಫೂಟ್. ಕಾಕಾ ಇದನ್ನ ಪೆನ್ನು ಹಿಡೀದ ಮಾಡ್ತಾರ. ಹಾಡು ಉದ್ದ ಆತು ಅಂತ ಅನ್ನಂಗಿಲ್ಲ, ನಾಕನೂರು ಫೂಟಿನ ಹಾಡು ಬೇಕಿದ್ದಿಲ್ಲ ಅಂತಾರ. ಅಷ್ಟ ಅವರ ವಿಮರ್ಶೆ, ಮುಂದ ಅಡ್ಡಿಯಿಲ್ಲ.

ಅವರನ್ನ ಕಾಂತಾರದ ಹೊಸಾ ಭಾಗಕ್ಕ ಕರ್ಕೊಂಡು ಹೋಗಿದ್ದೆ, 2025ರ ಅಕ್ಟೋಬರ್ 2ಕ್ಕ ಬಂತಲ್ಲ ಅದಕ್ಕ. ಮಲ್ಟಿಪ್ಲೆಕ್ಸ್‌ನಾಗ ಕುಂತ ಕೂಡ್ಲೆ ಕಾಕಾ ಮಾಡಿದ ಮದಲನೇ ಕೆಲಸ ಅಂದ್ರ ಹೊಳ್ಳಿ ಹಿಂದಿನ ಕಿಂಡಿ ನೋಡಿದ್ದು. ಅಲ್ಲೆ ಯಾರೂ ಇಲ್ಲಲಾ ಅಂದ್ರು. ಈಗೆಲ್ಲಾ ಕಂಪ್ಯೂಟರ್ ಕಾಕಾ, ಟೈಮಿಗೆ ತಾನ ಚಾಲೂ ಆಕ್ಕೈತಿ ಅಂದೆ. ಫಿಲ್ಮ್ ಕಟ್ ಆದ್ರ ಮಂದಿ ಯಾರಿಗೆ ಬೈಬೇಕು ಹಂಗಾರ ಅಂದ್ರು. ಬೈಸ್ಕೊಳ್ಳಾಕರೆ ಒಬ್ಬ ಮನಶ್ಯಾ ಇರಬೇಕು ಅನ್ನೂದು ಅವರ ವಾದ.

ನನಗ ಆ ಪಿಚ್ಚರ್ ಬಗ್ಗೆ ಎರಡು ಮನಸು. ಕದಂಬರ ಕಾಲದ ಕಥಿ ಅಂದಾಗ ಹಾನಗಲ್ಲಿನ ತಾರಕೇಶ್ವರ ಗುಡಿ ನೆನಪಾತು, ಕದಂಬರ ಒಂದು ಮನಿತನ ಆಳಿದ್ದು ಹಾನಗಲ್ಲಿನಿಂದನ, ಹಂಗಾಗಿ ಇದು ನಮ್ಮ ಮನಿ ಸುದ್ದಿ ಅಂತ ಎದಿ ಉಬ್ಬಿಸಿ ಕುಂತೆ. ಸೆಟ್ಟು, ಕಾಡು, ಬೆಂಕಿ, ಕ್ಯಾಮೆರಾ ಎಲ್ಲಾ ನೋಡಿ ನನ್ನ ಮದುವಿ ವಿಡಿಯೋದ ಡ್ರೋನ್ ಮಣ್ಣಾಗ ಹುಗೀಬೇಕು ಅನಿಸ್ತು. ಆದ್ರ 2022ರ ಕಾಂತಾರದಾಗ ಕಡೀ ಇಪ್ಪತ್ತು ನಿಮಿಷಕ್ಕ ಮೈ ಝುಂ ಅಂದಿತ್ತಲ್ಲ, ಅದು ಯಾಕಂದ್ರ ಅಲ್ಲೀತನಾ ಕಂಬಳ, ಹಂದಿ ಬ್ಯಾಟಿ, ಗೆಳ್ಯಾರ ಹರಟಿ ಅಂತ ಊರು ಆರಾಮ ಓಡ್ಯಾಡ್ಕೊಂಡಿತ್ತು. ಇಲ್ಲೆ ಮದಲಿಂದನ ಎಲ್ಲಾರೂ ಕ್ಲೈಮ್ಯಾಕ್ಸಿನಾಗ ಇದ್ದಂಗ ಅನಿಸ್ತು ನನಗ. ಸಪ್ಳಾನೂ ಜಾಸ್ತಿ ಆತು. ಎರಡೂ ಮುಕ್ಕಾಲು ತಾಸು ಆದ ಮ್ಯಾಲ ಹೊರಗ ಬಂದು ಗೋಕುಲ ರೋಡಿನ ಟ್ರಾಫಿಕ್‌ನಾಗ ನಿಂತ್ರ ಅಲ್ಲೇನ ಶಾಂತ ಅನಿಸ್ತು ನೋಡ್ರಿ. ಕಾಕಾನ್ನ ಕೇಳಿದೆ, ಹೆಂಗಿತ್ರೀ? ಹದಿನೈದು ಸಾವಿರ ಫೂಟ್ ಆಗ್ತಿತ್ತು, ಹದಿನೈದು ರೀಲು ಹೊತ್ಕೊಂಡು ಮೆಟ್ಲ ಹತ್ತೂದು ಅಂದ್ರ ನಡಾ ಬೀಳತಿತ್ತು, ಅಡ್ಡಿಯಿಲ್ಲ ಅಂದ್ರು. ಹೊಗಳಿದ್ದೋ ನಡದ ಸಂಕಟಾ ಹೇಳಿದ್ದೋ ತಿಳೀಲಿಲ್ಲ.

ನನಗ ಖರೇ ಹೊಡತಾ ಕೊಟ್ಟಿದ್ದು ಶಿವಮ್ಮ. ಜೈಶಂಕರ್ ಆರ್ಯರ್ ಮಾಡಿದ್ದು, 2022ರಾಗ ಬೂಸಾನ್ ಫಿಲ್ಮ್ ಫೆಸ್ಟಿವಲ್‌ನಾಗ ಪ್ರಶಸ್ತಿ ಬಂತು, 2024ರಾಗ ಥೇಟರಿಗೆ ಬಂತು. ನಾನು ತಡಾ ಮಾಡಿ, ಮೊನ್ನೆ ಮೊನ್ನೆ, ಅವ್ವನ ಬಾಜೂಕ ಕುಂತು ನೋಡಿದೆ. ಕಥಿ ನಡಿಯೂದು ಕೊಪ್ಪಳ ಜಿಲ್ಲಾ ಯರೇಹಂಚಿನಾಳದಾಗ, ಗದಗಿನಿಂದ ಏನೂ ದೂರಿಲ್ಲ, ಪಾತ್ರದಾರೂ ಅಲ್ಲಿ ಮಂದೀನ. ಸಾಲ್ಯಾಗ ಅಡಗಿ ಮಾಡೂ ಹೆಣ್ಮಗಳು ಒಬ್ಬಾಕಿ ಆರೋಗ್ಯದ ಪುಡಿ ಮಾರೂ ಚೈನ್ ಸಿಸ್ಟಮ್‌ನಾಗ ರೊಕ್ಕಾ ಹಾಕ್ತಾಳ, ಮಗಳ ಮದುವಿ ರೊಕ್ಕಾ ಅದು, ಮುಂದ ಊರಾಗಿನವರಿಗೆಲ್ಲಾ ಪುಡಿ ಮಾರ್ಕೊಂತ ಹೊಂಡ್ತಾಳ. ಶುರು ಆಗಿ ಐದು ನಿಮಿಷಕ್ಕ ನಾನು ಆ ಬೆಳಕು ಈ ಬೆಳಕು ನೋಡೂದು ಮರತೆ. ಹಂಗ ಮಾತಾಡ್ತಾರ ಅವರು, ನಮ್ಮ ಓಣಿಯಾಗ ಮಾತಾಡಿದಂಗ, ಒಬ್ರ ಮಾತು ಮುಗಿಯೂದ್ರೊಳಗ ಇನ್ನೊಬ್ರು, ಯಾರೂ ನಗಸಾಕ ಅಂತ ಮಾತಾಡೂದಿಲ್ಲ. ನಾನು ಖುಷಿ ತಡೀಲಾರದ ಅವ್ವಾ ನೋಡು ನಮ್ಮ ಭಾಷಾ ಅಂದೆ. ಅವ್ವ ಟಿವಿ ನೋಡೂದು ಬಿಟ್ಟು ತಿಜೂರಿ ಕಡೆ ನೋಡಾಕತ್ತಿದ್ಲು. ನಮ್ಮನಿ ತಿಜೂರಿ ಮ್ಯಾಲಿನ ಕಟ್ಟಿಗೆ ಡಬ್ಬದಾಗ ಏಳು ವರ್ಷದಿಂದ ಅಂಥವ ಆರು ಡಬ್ಬಿ ಪುಡಿ ಅದಾವು, ಸಣ್ಣ ಚಿಗವ್ವ ಅವ್ವನ ಕೊಳ್ಳಿಗೆ ಕಟ್ಟಿ ಹೋಗಿದ್ದು, ಅದರ ಸುದ್ದಿ ಮನ್ಯಾಗ ಯಾರೂ ತಗಿಯೂದಿಲ್ಲ. ಪಿಚ್ಚರ್ ಮುಗದ ಮ್ಯಾಲ ಹೆಂಗಿತ್ತವ್ವಾ ಅಂದ್ರ, ಇದರಾಗ ನೋಡೂದೇನೈತಿ, ನಮ್ಮನಿ ಗೋಳ ಇದು, ಅಂದು ಎದ್ದು ಕುಕ್ಕರ್ ಇಡಾಕ ಹೋದ್ಲು. ಅಡ್ಡಿಯಿಲ್ಲ ಅಂತ ಸೈತ ಅನ್ನಲಿಲ್ಲ.

ಆವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ. ಇಂಥಾದ್ದ ಮಾಡಬೇಕು ಅನ್ನೂ ಹುರುಪು ಒಂದು ಕಡೆ, ನನ್ನಕಿಂತ ಮದ್ಲ ಮಾಡಿ ಬಿಟ್ರಲಾ ಅನ್ನೂ ಸಿಟ್ಟು ಒಂದು ಕಡೆ.

ಪರ್ಫೆಕ್ಟ್ ಡೇಸ್ ಅಂತ ಒಂದು ನೋಡಿದೆ, ವಿಮ್ ವೆಂಡರ್ಸ್ ಅನ್ನೂ ಜರ್ಮನಿ ಡೈರೆಕ್ಟರ್ 2023ರಾಗ ಜಪಾನಿನಾಗ ಮಾಡಿದ್ದು. ಟೋಕಿಯೋದಾಗ ಪಬ್ಲಿಕ್ ಟಾಯ್ಲೆಟ್ ತೊಳಿಯೂ ಮನಶ್ಯಾ, ದಿನಾ ಎದ್ದು ಗಿಡಕ್ಕ ನೀರು ಹಾಕ್ತಾನ, ಗಾಡ್ಯಾಗ ಕ್ಯಾಸೆಟ್ ಹಾಕ್ತಾನ, ಮಧ್ಯಾಹ್ನ ಗಿಡದ ಬುಡಕ ಕುಂತು ಎಲಿ ಸಂದ್ಯಾಗಿಂದ ಬೀಳೂ ಬಿಸಲಿನ ಫೋಟೋ ತಗೀತಾನ, ನಾಳೆ ಮತ್ತ ಅದ. ಗೆಳ್ಯಾ ಹತ್ತು ನಿಮಿಷ ನೋಡಿ ಏನರ ಆದ್ರ ಎಬಸು ಅಂತ ಮಲಗಿದಾ. ಕಾಕಾ ಮಾತ್ರ ಎದ್ದು ಕುಂತ್ರು, ಯಾಕಂದ್ರ ಚಿತ್ರಾ ಉದ್ದಕಿದ್ದಿಲ್ಲ, ಹಳೇ ಟಿವಿಗತೆ ಚೌಕಿತ್ತು. ನಮ್ಮ ಹಳೇ ಅಳತಿ ಇದು ಅಂದು, ಸ್ಕೋಪ್ ಅಂದ್ರ ಅಗಲ ತೆರೀ ಸಿನಿಮಾಸ್ಕೋಪ್ ಬರೂಕ್ಕಿಂತ ಮದ್ಲ ಹೆಂಗಿತ್ತು, ಕನ್ನಡದಾಗ 1977ರಾಗ ಸೊಸೆ ತಂದ ಸೌಭಾಗ್ಯ ಸ್ಕೋಪಿನಾಗ ಬಂದ್ಮ್ಯಾಲ ಲೆನ್ಸು, ಪ್ಲೇಟು ಎಲ್ಲಾ ಹೆಂಗ ಬದಲಿ ಮಾಡಬೇಕಾಗ್ತಿತ್ತು ಅಂತ ಅರ್ಧಾ ತಾಸು ಹೇಳಿದ್ರು. ಆ ಅರ್ಧಾ ತಾಸಿನಾಗ ಟೋಕಿಯೋ ಮನಶ್ಯಾ ಮೂರು ಟಾಯ್ಲೆಟ್ ತೊಳದಿದ್ದ. ಕಡೀಕ, ಕೆಲಸ ಛಲೋ ಮಾಡ್ತಾನ ಅಂದ್ರು. ಪಿಚ್ಚರ್ ಬಗ್ಗೆ ಅಲ್ಲ, ಟಾಯ್ಲೆಟ್ ತೊಳಿಯೂದರ ಬಗ್ಗೆ. ನನ್ನ ಪ್ರಕಾರ ಆ ಪಿಚ್ಚರ್‌ಗೆ ಇದಕ್ಕಿಂತ ಛಲೋ ವಿಮರ್ಶೆ ಯಾರೂ ಬರದಿಲ್ಲ.

ಇದನ್ನೆಲ್ಲಾ ನೋಡಿದ ಮ್ಯಾಲ ಸುಮ್ಮ ಕುಂಡ್ರಾಕ ಆಗಲಿಲ್ಲ, ನಾನೂ ಒಂದು ಮಾಡಿದೆ. ಹನ್ನೊಂದು ನಿಮಿಷದ್ದು, ಮೊಬೈಲ್‌ನಾಗ, ಗದಗ ಹತ್ರ ಅಜ್ಜನ ಹಳೇ ಮನ್ಯಾಗ. ಮುದುಕಿ ಒಬ್ಬಾಕಿ ಮನಿಗೆ ಕೀಲಿ ಹಾಕಿ ಪುಣೆದಾಗಿನ ಮಗನ ಕಡೆ ಹೋಗಬೇಕು, ಅಷ್ಟ ಕಥಿ. ಮುದುಕಿ ಪಾತ್ರ ನಮ್ಮ ಓಣಿ ಅಮ್ಮಾರದು, ಅವರಿಗೆ ಕೂಲಿ ಅಂತ ಒಂದು ಇಳಕಲ್ ಸೀರಿ. ಮದಲನೇ ದಿನಾ ತಗದಿದ್ದು ಎಲ್ಲಾ ಹಾಳಾತು, ಟ್ಯೂಬ್‌ಲೈಟ್ ಕೆಳಗ ಚಿತ್ರದ ತುಂಬ ಕರೀ ಪಟ್ಟಿ ಓಡ್ಯಾಡಿದ್ವು. ನಮ್ಮ ಕರೆಂಟು 50 ಹರ್ಟ್ಜಿಂದು, ಕ್ಯಾಮೆರಾದ ಶಟರ್ ಸೆಕೆಂಡಿನ ಐವತ್ತನೇ ಒಂದಕ್ಕ ಇಡಬೇಕು, ಮದುವಿ ವಿಡಿಯೋದಾವರಿಗೆ ಇದು ಗೊತ್ತಿರಬೇಕಿತ್ತು, ಕಲೆ ಮಾಡಾಕ ಹೋಗಿ ಕಸಬು ಮರತಿದ್ದೆ. ಎರಡನೇ ದಿನಾ ಗಾಳಿ. ಆ ಕಪ್ಪತಗುಡ್ಡದ ಕಡೆ ದೊಡ್ಡ ಗಾಳಿ ಫ್ಯಾನ್ ನೆಟ್ಟು ಕರೆಂಟ್ ಮಾಡ್ತಾರ ಅಂದ್ರ ಸುಮ್ಮನ ಅಲ್ಲ, ಮುದುಕಿ ಆಡಿದ ಒಂದ ಒಂದು ಮಾತು ಗಾಳ್ಯಾಗ ಹೋತು, ಆಮ್ಯಾಲ ಮನ್ಯಾಗ ಕುಂತು ಮತ್ತ ರೆಕಾರ್ಡ್ ಮಾಡಿದ್ದಾತು.

ಮೊನ್ನೆ ಐತವಾರ ಕಾಕಾಗ ತೋರಿಸಿದೆ. ಚುನಮರಿ ಗಿರಮಿಟ್ ಪ್ಲೇಟು ಕೈಯಾಗ ಹಿಡ್ಕೊಂಡು ಲ್ಯಾಪ್‌ಟಾಪ್ ಮುಂದ ಕುಂತ್ರು, ಒಂದು ಕಾಳು ಬಾಯಾಗ ಹಾಕ್ಕೊಳಾರದ ಪೂರ್ತಿ ನೋಡಿದ್ರು, ಇದು ಒಳ್ಳೇ ಲಕ್ಷಣ ಅನ್ಕೊಂಡೆ. ಮುಗದ ಮ್ಯಾಲ ಅಂದ್ರು,

"ಹನ್ನೊಂದು ನಿಮಿಷ ಅಂದ್ರ ಒಂದು ಸಾವಿರ ಫೂಟ್ ಲೇ ತಮ್ಮಾ."

"ಹೂನ್ರಿ ಕಾಕಾ."

"ಅದರಾಗ ಇನ್ನೂರು ಫೂಟ್ ಬರೇ ಬಾಗಲಾ ಐತಿ."

"ಅದು ಕಾಯೂದು ತೋರ್ಸಾಕ ಇಟ್ಟೀನ್ರಿ."

"ಯಾರು ಕಾಯಾಕತ್ತಾರ? ಆ ಮುದುಕೀನೋ, ನಾವೋ?"

ನನ್ನ ಕಡೆ ಉತ್ತರ ಇದ್ದಿಲ್ಲ. ಚಿಗರಿ ಬಸ್ಸಿನಾಗ ಆಗಿದ್ರ ನವನಗರತನಾ ಮಾತಾಡ್ತಿದ್ದೆ, ಇಲ್ಲೆ ಗಿರಮಿಟ್ಟಿನಾಗಿನ ಶೇಂಗಾ ಆರಸ್ಕೊಂತ ಕುಂತೆ. ಕಾಕಾ ಚಸ್ಮಾ ಒರಸಿ ಹಾಕ್ಕೊಂಡು, ಮತ್ತೊಮ್ಮೆ ಹಾಕು ನೋಡೂಣು ಅಂದ್ರು. ಹಾಕಿದೆ. ಮುದುಕಿ ಬಂದು ಹೊಚ್ಚಲದ ಮ್ಯಾಲ ಕುಂತ್ಲು, ಬಾಗಲಾ ಬಂತು, ಬಾಗಲಾನ ನಿಂತ್ತು. ಕಾಕಾ ಸ್ವಲ್ಪ ಮುಂದ ಬಗ್ಗಿ, ಹಳೇ ಚಟಾ ನೋಡ್ರಿ, ಬಲಗಡೆ ಮ್ಯಾಲಿನ ಮೂಲೀನ ನೋಡಾಕತ್ತಿದ್ರು. ಅಷ್ಟರಾಗ ಅಡಗಿ ಮನ್ಯಾಗಿಂದ ಅವ್ವ ಕೂಗಿ ಕೇಳಿದ್ಲು, ಹೆಂಗೈತಂತ್ರೀ ಅವನ ಪಿಚ್ಚರು?

"ತಡೀವಾ," ಅಂದ್ರು ಕಾಕಾ, "ಇನ್ನೂ ಬಾಗಲಾ ತಗದಿಲ್ಲ."